ಪಿಎಫ್‌ಟಿ ನಾರ್ಮಲ್ ಬಂದರೂ ಸೇದುವವರ ಶ್ವಾಸಕೋಶ ಸರಿಯಿದೆ ಎನ್ನುವಂತಿಲ್ಲ

ಇಪ್ಪತ್ತು ವರ್ಷದಿಂದ ಸಿಗರೇಟು ಸೇದುತ್ತಿರುವ, 45 ವರ್ಷದ ಒಬ್ಬರು ಹೆಲ್ತ್ ಚೆಕಪ್ ಮಾಡಿಸಿದರು ಅಂದುಕೊಳ್ಳಿ. ಪ್ಯಾಕೇಜಿನಲ್ಲಿ ಪಿಎಫ್‌ಟಿ, ಅಂದರೆ ಶ್ವಾಸಕೋಶ ಎಷ್ಟು ಚೆನ್ನಾಗಿ ಕೆಲಸ ಮಾಡುತ್ತಿದೆ ಎಂದು ನೋಡುವ ಪರೀಕ್ಷೆ ಕೂಡ ಇತ್ತು. ಮೂಗಿಗೆ ಕ್ಲಿಪ್ ಹಾಕಿಕೊಂಡು, ಪೈಪಿಗೆ ಬಾಯಿ ಕೊಟ್ಟು ಜೋರಾಗಿ ಊದಿದರು. ರಿಪೋರ್ಟಿನ ಕೊನೆಯಲ್ಲಿ ‘ನಾರ್ಮಲ್’ ಎಂದು ಬಂತು. ಮನೆಯಲ್ಲಿ ಸೇದಬೇಡಿ ಎಂದು ವರ್ಷಗಟ್ಟಲೆ ಹೇಳುತ್ತಿದ್ದವರ ಬಾಯಿ ಅಲ್ಲಿಗೆ ಮುಚ್ಚಿತು. ಮುಂಚೆ ಇದ್ದ ಸ್ವಲ್ಪ ಭಯವೂ ಹೋಯಿತು.

ಆ ರಿಪೋರ್ಟಿನಲ್ಲಿ ಸುಳ್ಳೇನೂ ಇಲ್ಲ. ಅದೇ ವಯಸ್ಸಿನ, ಅದೇ ಎತ್ತರದ ಆರೋಗ್ಯವಂತರ ಅಂದಾಜಿನ ಒಳಗೇ ಇವರ ಉಸಿರು ಇದೆ ಎಂದಷ್ಟೇ ಅದು ಹೇಳುತ್ತದೆ. ಇಪ್ಪತ್ತು ವರ್ಷದಲ್ಲಿ ಇವರು ಎಷ್ಟು ಕಳೆದುಕೊಂಡರು ಎಂಬುದು ಅದರಲ್ಲಿ ಇಲ್ಲ, ಇರಲು ಸಾಧ್ಯವೂ ಇಲ್ಲ. ಹೊಗೆಯಿಂದ ಆಗುವ ಹಾನಿಯನ್ನು ಬೇಗ ಹಿಡಿಯುವ ಮಾತು ಬಂದಾಗೆಲ್ಲ ಹೊಸ ಮಷೀನುಗಳ ಸುದ್ದಿಯೇ ಜಾಸ್ತಿ. ನನ್ನ ಪ್ರಕಾರ ನಮ್ಮಲ್ಲಿ ಮೊದಲು ಬೇಕಿರುವುದು ಇದೇ ಹಳೆಯ ಪರೀಕ್ಷೆಯನ್ನು ಸರಿಯಾಗಿ ಬಳಸುವುದು. ಒಂದೇ ಸಲ ಮಾಡಿ ಬಿಡುವ ಬದಲು, ಒಬ್ಬರಿಗೇ ಹಲವು ವರ್ಷ ಮಾಡಿ ಹೋಲಿಸಿ ನೋಡುವುದು.

ಪರೀಕ್ಷೆಯ ಹೆಸರು ಸ್ಪೈರೋಮೆಟ್ರಿ. ಆಸ್ಪತ್ರೆಗಳಲ್ಲಿ ಪಿಎಫ್‌ಟಿ ಅಂದರೆ ಸಾಮಾನ್ಯವಾಗಿ ಇದೇ. ಲಂಡನ್ನಿನ ಸರ್ಜನ್ ಜಾನ್ ಹಚಿನ್ಸನ್ 1846ರಲ್ಲಿ ತನ್ನ ಸ್ಪೈರೋಮೀಟರ್ ಬಗ್ಗೆ ದೊಡ್ಡ ಪ್ರಬಂಧ ಬರೆದ. ನಾವಿಕರು, ಪೊಲೀಸರು, ಕುಸ್ತಿಪಟುಗಳು ಹೀಗೆ 2000ಕ್ಕೂ ಹೆಚ್ಚು ಜನರ ಉಸಿರನ್ನು ಅಳೆದಿದ್ದ. ಜೀವ ವಿಮೆ ಕಂಪನಿಗಳಿಗೂ ಇದು ಉಪಯೋಗಕ್ಕೆ ಬರುತ್ತದೆ ಎಂಬ ಲೆಕ್ಕ ಅವನದು. ಆದರೆ ಅವನು ಅಳೆದದ್ದು ಒಟ್ಟು ಎಷ್ಟು ಗಾಳಿ ಹೊರಬರುತ್ತದೆ ಎಂಬುದನ್ನು ಮಾತ್ರ. ಎಷ್ಟು ಬೇಗ ಬರುತ್ತದೆ ಎಂದು ಅಳೆಯುವ ಯೋಚನೆ ಬಂದದ್ದು ನೂರು ವರ್ಷ ಕಳೆದ ಮೇಲೆ. 1947ರಲ್ಲಿ ಫ್ರಾನ್ಸಿನ ರಾಬರ್ಟ್ ಟಿಫೆನೋ ಮತ್ತು ಪಿನೆಲ್ಲಿ ಆ ದಾರಿ ತೋರಿಸಿದರು.

ಇವತ್ತಿನ ರಿಪೋರ್ಟಿನಲ್ಲಿ ನೋಡಬೇಕಾದ ಸಂಖ್ಯೆ ಮುಖ್ಯವಾಗಿ ಎರಡು. ಪೂರ್ತಿ ಉಸಿರೆಳೆದು ಪೂರ್ತಿ ಊದಿದಾಗ ಹೊರಬರುವ ಒಟ್ಟು ಗಾಳಿ, ಅದು ಎಫ್‌ವಿಸಿ. ಅದರಲ್ಲಿ ಮೊದಲ ಒಂದು ಸೆಕೆಂಡಿನಲ್ಲೇ ಹೊರಬಂದ ಗಾಳಿ ಎಫ್‌ಇವಿ1. ಎರಡನೆಯದನ್ನು ಮೊದಲನೆಯದರಿಂದ ಭಾಗಿಸಿದರೆ ಒಂದು ಅನುಪಾತ ಸಿಗುತ್ತದೆ. ಉಸಿರುನಾಳ ಹಿಗ್ಗಿಸುವ ಪಂಪಿನ ಔಷಧ ಕೊಟ್ಟು ಮತ್ತೆ ಊದಿಸಿದ ಮೇಲೂ ಅದು 0.70ಕ್ಕಿಂತ ಕಡಿಮೆ ಇದ್ದರೆ, ಜೊತೆಗೆ ಕೆಮ್ಮು, ಕಫ, ಏದುಸಿರು ಮತ್ತು ಹೊಗೆಯ ಹಿನ್ನೆಲೆ ಇದ್ದರೆ, ವೈದ್ಯರು ಸಿಒಪಿಡಿ ಎನ್ನುತ್ತಾರೆ, ಅಂದರೆ ಗಾಳಿ ಸರಾಗವಾಗಿ ಹೊರಬರದ, ದೀರ್ಘಕಾಲದ ಶ್ವಾಸಕೋಶದ ಕಾಯಿಲೆ. ನಮ್ಮ ಕಡೆ ಜನ ‘ದಮ್ಮು’ ಎಂದು ಕರೆಯುವ ಕಾಯಿಲೆಗಳಲ್ಲಿ ದೊಡ್ಡ ಪಾಲು ಇದು.

ಈ 0.70 ಎಂಬ ಗೆರೆ ನೆನಪಿಟ್ಟುಕೊಳ್ಳಲು ಸುಲಭ. ತೊಂದರೆ ಏನೆಂದರೆ ವಯಸ್ಸಾದಂತೆ ಈ ಅನುಪಾತ ಎಲ್ಲರಿಗೂ ಸಹಜವಾಗಿಯೇ ಇಳಿಯುತ್ತದೆ. ಹಾಗಾಗಿ ಒಂದೇ ಗೆರೆಯನ್ನು ಎಲ್ಲರಿಗೂ ಎಳೆದರೆ 75 ವರ್ಷದ ಆರೋಗ್ಯವಂತ ಅಜ್ಜನಿಗೂ ಕಾಯಿಲೆಯ ಹಣೆಪಟ್ಟಿ ಅಂಟಬಹುದು. 35 ವರ್ಷದ ಯುವಕನಿಗೆ 0.73 ಬಂದರೆ ಅದು ಅವನ ವಯಸ್ಸಿಗೆ ಕಡಿಮೆಯೇ ಆಗಿರಬಹುದು, ಆದರೂ ಗೆರೆಯ ಮೇಲಿದೆ ಎಂದು ಮನೆಗೆ ಕಳುಹಿಸುತ್ತಾರೆ. ಅದಕ್ಕೇ ತಜ್ಞರಲ್ಲಿ ಅನೇಕರು ವಯಸ್ಸಿಗೆ ತಕ್ಕ ಕೆಳಮಿತಿಯನ್ನು ನೋಡಿ ಎನ್ನುತ್ತಾರೆ. ಬೇಗ ಪತ್ತೆ ಹಚ್ಚುವುದೇ ಗುರಿಯಾದರೆ ಅವರ ಮಾತೇ ಸರಿ. ಯಾಕೆಂದರೆ ಸ್ಥಿರ ಗೆರೆ ಕೈಬಿಡುವುದು, ಇನ್ನೂ ಉಳಿಸಿಕೊಳ್ಳಲು ಬಹಳಷ್ಟು ಇರುವ ಚಿಕ್ಕ ವಯಸ್ಸಿನವರನ್ನು.

ಇದಕ್ಕಿಂತ ದೊಡ್ಡ ಸಮಸ್ಯೆ, ಇರಬೇಕಾದ ಸರಾಸರಿಯಲ್ಲಿ ನಿಮ್ಮದು ಶೇಕಡಾ ಎಷ್ಟು ಎಂದು ರಿಪೋರ್ಟಿನಲ್ಲಿ ಬರೆಯುವ ಶೇಕಡಾವಾರಿನದು. ಒಂದು ಲೆಕ್ಕ ಮಾಡಿ ನೋಡೋಣ. 30 ವರ್ಷದ ಒಬ್ಬನ ಎತ್ತರಕ್ಕೆ ಎಫ್‌ಇವಿ1 ಸರಾಸರಿ 3.5 ಲೀಟರ್ ಇರಬೇಕು. ಇವನು ಚಿಕ್ಕಂದಿನಿಂದ ಗಟ್ಟಿಮುಟ್ಟು, ಇವನದು 4 ಲೀಟರ್ ಇದೆ. ಅಂದರೆ ಶೇ 114. ಸೇದದವರಲ್ಲಿ ವರ್ಷಕ್ಕೆ ಸುಮಾರು 30 ಮಿಲಿಲೀಟರ್ ಇಳಿಯುವುದು ಸಹಜ. ಇವನು ಸೇದುತ್ತಾನೆ, ಹಾಗಾಗಿ ವರ್ಷಕ್ಕೆ 60 ಇಳಿಯುತ್ತದೆ ಎಂದುಕೊಳ್ಳಿ. 15 ವರ್ಷಕ್ಕೆ 900 ಮಿಲಿಲೀಟರ್ ಹೋಯಿತು, ಉಳಿದದ್ದು 3.1 ಲೀಟರ್. ಅಷ್ಟರಲ್ಲಿ ಅವನ ವಯಸ್ಸಿನವರ ಸರಾಸರಿಯೂ 3.05ಕ್ಕೆ ಇಳಿದಿರುತ್ತದೆ. ಈಗ ಪರೀಕ್ಷೆ ಮಾಡಿದರೆ ಶೇ 102 ಎಂದು ಬರುತ್ತದೆ! ನೂರಕ್ಕೆ ನೂರೆರಡು. ಹೊಗೆ ಅವನಿಂದ ಹೆಚ್ಚುವರಿಯಾಗಿ ಸುಮಾರು ಅರ್ಧ ಲೀಟರ್ ಕಿತ್ತುಕೊಂಡಿದೆ. ರಿಪೋರ್ಟು ಮಾತ್ರ ಸರಾಸರಿಗಿಂತ ಚೆನ್ನಾಗಿದೆ ಎನ್ನುತ್ತಿದೆ.

30ನೇ ವಯಸ್ಸಿನಲ್ಲಿ ಒಂದು ಸಲ ಊದಿ ಆ ಕಾಗದ ಇಟ್ಟುಕೊಂಡಿದ್ದರೆ ಈ ನಷ್ಟ ಕಣ್ಣಿಗೆ ಕಾಣುತ್ತಿತ್ತು, ಅಲ್ವಾ?

ವರ್ಷಕ್ಕೆ ಇಷ್ಟಿಷ್ಟು ಇಳಿಯುತ್ತದೆ ಎಂದು ನಮಗೆ ಗೊತ್ತಾದದ್ದೂ ಹೀಗೆ ಒಬ್ಬರನ್ನೇ ವರ್ಷಗಟ್ಟಲೆ ಅಳೆದದ್ದರಿಂದ. ಚಾರ್ಲ್ಸ್ ಫ್ಲೆಚರ್ ಮತ್ತು ರಿಚರ್ಡ್ ಪೀಟೋ ಲಂಡನ್ನಿನ 792 ದುಡಿಯುವ ಗಂಡಸರ 8 ವರ್ಷಗಳ ಅಳತೆಗಳನ್ನು ವಿಶ್ಲೇಷಿಸಿದರು. 1977ರಲ್ಲಿ ಪ್ರಕಟವಾದ ಅವರ ಒಂದು ರೇಖಾಚಿತ್ರವನ್ನು ಇವತ್ತಿಗೂ ವೈದ್ಯಕೀಯ ವಿದ್ಯಾರ್ಥಿಗಳಿಗೆ ತೋರಿಸುತ್ತಾರೆ. ಅದರಲ್ಲಿ ಎರಡು ವಿಷಯ ಇದ್ದವು. ಸೇದುವ ಎಲ್ಲರ ಶ್ವಾಸಕೋಶವೂ ಒಂದೇ ವೇಗದಲ್ಲಿ ಕುಸಿಯುವುದಿಲ್ಲ, ಕೆಲವರದು ಮಾತ್ರ ಬಹಳ ಬೇಗ ಇಳಿಯುತ್ತದೆ. ಬಿಟ್ಟವರಿಗೆ ಹೋದದ್ದು ವಾಪಸ್ ಬರುವುದಿಲ್ಲ, ಆದರೆ ಅಲ್ಲಿಂದ ಮುಂದೆ ಇಳಿಯುವ ವೇಗ ಸೇದದವರ ಹತ್ತಿರಕ್ಕೆ ಬರುತ್ತದೆ. ‘ನಮ್ಮಜ್ಜ ತೊಂಬತ್ತು ವರ್ಷ ಬೀಡಿ ಸೇದಿಕೊಂಡೇ ಬದುಕಿದ’ ಎಂದು ವಾದ ಮಾಡುವವರಿಗೆ ಉತ್ತರ ಮೊದಲನೆಯ ವಿಷಯದಲ್ಲಿದೆ. ಅಜ್ಜ ನಿಧಾನವಾಗಿ ಇಳಿಯುವವರ ಗುಂಪಿನಲ್ಲಿದ್ದಿರಬಹುದು. ಮೊಮ್ಮಗ ಯಾವ ಗುಂಪಿನಲ್ಲಿದ್ದಾನೆ ಎಂದು ಅಳೆಯದೆ ಹೇಳಲು ಯಾರಿಗೂ ಆಗುವುದಿಲ್ಲ.

ಹಾನಿ ಶುರುವಾಗುವ ಜಾಗ ಯಾವುದು ಎಂದು ಗೊತ್ತಾದರೆ ಸ್ಪೈರೋಮೆಟ್ರಿ ಯಾಕೆ ತಡವಾಗಿ ಎಚ್ಚರಿಸುತ್ತದೆ ಎಂಬುದೂ ಅರ್ಥವಾಗುತ್ತದೆ. ಗಂಟಲಿನಿಂದ ಇಳಿಯುವ ಉಸಿರುನಾಳ ಎರಡಾಗಿ, ನಾಲ್ಕಾಗಿ, ಮತ್ತೆ ಮತ್ತೆ ಕವಲೊಡೆಯುತ್ತಾ ಹೋಗುತ್ತದೆ. ಕೊನೆಕೊನೆಗೆ 2 ಮಿಲಿಮೀಟರಿಗಿಂತ ಸಣ್ಣದಾದ ಸಾವಿರಾರು ನಾಳಗಳಾಗುತ್ತವೆ. ಒಂದೊಂದೂ ಸಣ್ಣದೇ, ಆದರೆ ಸಂಖ್ಯೆ ಅಷ್ಟಿರುವುದರಿಂದ ಒಟ್ಟು ಅಗಲ ಬಹಳ ದೊಡ್ಡದು. ಗಾಳಿಗೆ ಅಲ್ಲಿ ಹೆಚ್ಚು ಅಡೆತಡೆ ಇಲ್ಲ. ಸಿಒಪಿಡಿಯಲ್ಲಿ ಕಾಯಿಲೆಯ ಮುಖ್ಯ ಜಾಗ ಈ ಸಣ್ಣ ನಾಳಗಳೇ ಎಂದು ಹಾಗ್, ಮ್ಯಾಕ್ಲೆಮ್ ಮತ್ತು ಥರ್ಲ್‌ಬೆಕ್ 1968ರಲ್ಲಿ ತೋರಿಸಿದರು. ಕಾಲುವೆಯ ಕೊನೆಯ ಭಾಗದಲ್ಲಿ ಹತ್ತಾರು ಕಿರುಗಾಲುವೆ ಹೂಳು ತುಂಬಿ ಮುಚ್ಚಿಹೋದರೂ ತೂಬಿನ ಹತ್ತಿರ ನಿಂತು ನೀರು ನೋಡುವವರಿಗೆ ವ್ಯತ್ಯಾಸ ಗೊತ್ತಾಗುವುದಿಲ್ಲ. ಎಫ್‌ಇವಿ1 ನೋಡುವುದೂ ತೂಬಿನ ಹತ್ತಿರವೇ. ಬಹಳ ಸೂಕ್ಷ್ಮವಾಗಿ ಚಿತ್ರ ತೆಗೆಯುವ ಮೈಕ್ರೋ ಸಿಟಿ ಸ್ಕ್ಯಾನಿನ ಇತ್ತೀಚಿನ ಅಧ್ಯಯನಗಳೂ ಇದನ್ನೇ ಗಟ್ಟಿ ಮಾಡಿವೆ. ಕಾಯಿಲೆ ಇನ್ನೂ ಮೊದಲ ಹಂತದಲ್ಲಿದೆ ಎನ್ನುವ ಹೊತ್ತಿಗೆ ಈ ಸಣ್ಣ ನಾಳಗಳಲ್ಲಿ ದೊಡ್ಡ ಪಾಲು ಆಗಲೇ ನಾಶವಾಗಿರುತ್ತದೆ.

2015ರಲ್ಲಿ ಅಮೆರಿಕದ ಸಿಒಪಿಡಿಜೀನ್ ಎಂಬ ದೊಡ್ಡ ಅಧ್ಯಯನದಿಂದ ಬಂದ ಮಾಹಿತಿ ಇದಕ್ಕೆ ಇನ್ನೊಂದು ಸಾಕ್ಷಿ. ಈಗ ಸೇದುತ್ತಿರುವ ಅಥವಾ ಹಿಂದೆ ಸೇದುತ್ತಿದ್ದ, ಸ್ಪೈರೋಮೆಟ್ರಿಯಲ್ಲಿ ಸಿಒಪಿಡಿ ಇಲ್ಲ ಎಂದು ಬಂದವರನ್ನು ಆರಿಸಿ ನೋಡಿದರು. ಅವರಲ್ಲಿ ಅರ್ಧಕ್ಕಿಂತ ಹೆಚ್ಚು ಜನರಿಗೆ ಸಿಟಿ ಸ್ಕ್ಯಾನಿನಲ್ಲಿ ದೋಷವೋ, ಉಸಿರಾಟದ ಲಕ್ಷಣವೋ, ನಡೆಯುವ ಶಕ್ತಿ ಕುಂದಿರುವುದೋ, ಏನಾದರೂ ಒಂದು ತೊಂದರೆ ಇತ್ತು.

ಹಾಗಾದರೆ ಕಾಲುವೆಯ ಕೊನೆಯ ಭಾಗ ನೋಡುವ ಪರೀಕ್ಷೆ ಇಲ್ಲವೇ? ಇದೆ, ಒಂದಕ್ಕಿಂತ ಹೆಚ್ಚು ಇವೆ. ಆಸಿಲೋಮೆಟ್ರಿ ಎಂಬುದರಲ್ಲಿ ಜೋರಾಗಿ ಊದುವ ಕಷ್ಟವೇ ಇಲ್ಲ. ಕೆನ್ನೆ ಹಿಡಿದುಕೊಂಡು ಅರ್ಧ ನಿಮಿಷ ಸುಮ್ನೆ ಉಸಿರಾಡಿದರೆ ಸಾಕು. ಮಷೀನು ಸಣ್ಣ ಸಣ್ಣ ಒತ್ತಡದ ಅಲೆಗಳನ್ನು ಒಳಗೆ ಕಳುಹಿಸಿ, ಅವು ಎಲ್ಲಿ ತಡೆಯಾಗುತ್ತವೆ ಎಂದು ಅಳೆಯುತ್ತದೆ. ಇದರ ಮೂಲ ಯೋಚನೆ 1956ರದು. ದೊಡ್ಡ ಊರುಗಳ ಶ್ವಾಸಕೋಶ ತಜ್ಞರ ಹತ್ತಿರ ಈಗ ಸಿಗುತ್ತಿದೆ. ವಯಸ್ಸಾದವರಿಗೆ, ಊದಲು ಆಗದವರಿಗೆ ಇದು ನಿಜಕ್ಕೂ ಅನುಕೂಲ. ನೈಟ್ರೋಜನ್ ವಾಷ್‌ಔಟ್ ಎಂಬ ಇನ್ನೊಂದರಲ್ಲಿ ಶುದ್ಧ ಆಮ್ಲಜನಕ ಉಸಿರಾಡಿಸಿ, ಒಳಗಿದ್ದ ನೈಟ್ರೋಜನ್ ಎಷ್ಟು ಸಮವಾಗಿ ಹೊರಬರುತ್ತದೆ ಎಂದು ನೋಡುತ್ತಾರೆ. ಗಾಳಿ ಕೆಲವು ಮೂಲೆಗಳಲ್ಲಿ ಸಿಕ್ಕಿಕೊಂಡಿದ್ದರೆ ಇಲ್ಲಿ ಗೊತ್ತಾಗುತ್ತದೆ.

ನನಗೆ ಇವೆರಡಕ್ಕಿಂತ ಮುಖ್ಯ ಅನ್ನಿಸುವುದು ಡಿಎಲ್‌ಸಿಒ. ಬಹಳ ಕಡಿಮೆ ಪ್ರಮಾಣದ ಕಾರ್ಬನ್ ಮೊನಾಕ್ಸೈಡ್ ಬೆರೆಸಿದ ಗಾಳಿ ಎಳೆದು, ಸುಮಾರು 10 ಸೆಕೆಂಡ್ ಉಸಿರು ಕಟ್ಟಿ, ಬಿಡಬೇಕು. ಗಾಳಿಗೂಡುಗಳಿಂದ ರಕ್ತಕ್ಕೆ ಅನಿಲ ಎಷ್ಟು ಚೆನ್ನಾಗಿ ದಾಟುತ್ತದೆ ಎಂದು ಇದು ಹೇಳುತ್ತದೆ. ಗಾಳಿಗೂಡಿನ ಗೋಡೆಗಳು ಕರಗಿಹೋಗುವ ಎಂಫಿಸೀಮಾ ಶುರುವಾಗಿದ್ದರೆ ಈ ಸಂಖ್ಯೆ ಇಳಿಯುತ್ತದೆ. ನ್ಯೂಯಾರ್ಕಿನಲ್ಲಿ ಸ್ಪೈರೋಮೆಟ್ರಿ ನಾರ್ಮಲ್ ಇದ್ದ ಸೇದುವವರನ್ನೇ ಎರಡು ಗುಂಪು ಮಾಡಿ ಮೂರೂವರೆ ವರ್ಷದಷ್ಟು ಕಾಲ ಗಮನಿಸಿದರು. 2015ರಲ್ಲಿ ಫಲಿತಾಂಶ ಬಂತು. ಡಿಎಲ್‌ಸಿಒ ಕಡಿಮೆ ಇದ್ದವರಲ್ಲಿ ಶೇ 22 ಜನರಿಗೆ ಸಿಒಪಿಡಿ ಬಂದಿತ್ತು, ಸರಿಯಿದ್ದವರಲ್ಲಿ ಶೇ 3 ಜನರಿಗೆ ಮಾತ್ರ. ಗುಂಪುಗಳು ಚಿಕ್ಕವು, ಎರಡೂ ಸೇರಿ ನೂರರ ಆಸುಪಾಸು ಜನ ಅಷ್ಟೇ. ಆದರೂ ವ್ಯತ್ಯಾಸ ಕಡೆಗಣಿಸುವಂಥದ್ದಲ್ಲ. ಒಂದು ಎಚ್ಚರಿಕೆ: ರಕ್ತಹೀನತೆ ಇದ್ದರೂ ಡಿಎಲ್‌ಸಿಒ ಇಳಿಯುತ್ತದೆ. ಹಾಗಾಗಿ ಹಿಮೋಗ್ಲೋಬಿನ್ ನೋಡಿಯೇ ಲೆಕ್ಕ ಹಾಕಬೇಕು. ಪರೀಕ್ಷೆಗೆ ಮುಂಚೆ ಸೇದಿದರೂ ಲೆಕ್ಕ ತಪ್ಪುತ್ತದೆ, ಏಕೆಂದರೆ ಹೊಗೆಯಲ್ಲೂ ಅದೇ ಅನಿಲ ಇದೆ.

ಇಷ್ಟೆಲ್ಲ ಇದ್ದ ಮೇಲೆ ಎಲ್ಲ ಸೇದುವವರಿಗೂ ಇವನ್ನೇ ಮಾಡಿಸಬಹುದಲ್ಲ ಎಂದು ಕೇಳಬಹುದು. 1970ರ ದಶಕದಲ್ಲಿ ಇದೇ ಉತ್ಸಾಹ ಇತ್ತು. ಒಂದೇ ಉಸಿರಿನ ನೈಟ್ರೋಜನ್ ಪರೀಕ್ಷೆಯಿಂದ ಎಳೆಯ ಹಾನಿಯನ್ನೆಲ್ಲ ಹಿಡಿದುಬಿಡಬಹುದು ಎಂದುಕೊಂಡಿದ್ದರು. ಸೇದುವವರಲ್ಲಿ ಬಹಳ ಜನರಿಗೆ ಪರೀಕ್ಷೆಯಲ್ಲಿ ದೋಷ ಕಂಡಿತು. ಆದರೆ ದೋಷ ಕಂಡವರೆಲ್ಲ ಮುಂದೆ ಕಾಯಿಲೆ ಬಿದ್ದವರಾಗಲಿಲ್ಲ. ಸೂಕ್ಷ್ಮವಾದ ಪರೀಕ್ಷೆ ಯಾರಿಗೆ ಹೊಗೆ ತಾಗಿದೆ ಎಂದು ಹೇಳಿತು, ಯಾರ ಬದುಕು ಹಾಳಾಗುತ್ತದೆ ಎಂದು ಖಚಿತವಾಗಿ ಹೇಳಲಿಲ್ಲ. ಆ ಕಾಲದ ಸಂಶೋಧನೆಯಿಂದ ಒಂದು ಒಳ್ಳೆಯ ಸುದ್ದಿ ಮಾತ್ರ ಉಳಿಯಿತು. ಸೇದುವುದನ್ನು ಬಿಟ್ಟ ಕೆಲವು ತಿಂಗಳಲ್ಲೇ ಸಣ್ಣ ನಾಳಗಳ ಈ ಅಳತೆ ಸುಧಾರಿಸುವುದು ಕಂಡುಬಂತು. ಅಂದರೆ ಹಾನಿ ಸಣ್ಣ ನಾಳಗಳಲ್ಲಷ್ಟೇ ಇರುವಾಗ ಬಿಟ್ಟರೆ ಸ್ವಲ್ಪ ಮಟ್ಟಿಗೆ ಹಿಂದಕ್ಕೆ ಬರಬಹುದು.

ವೇಗವಾಗಿ ಇಳಿಯುವವರನ್ನು ಗುರುತಿಸಲು ಅಗ್ಗದ, ನೇರ ದಾರಿ ಅವರ ಇಳಿತವನ್ನೇ ಅಳೆಯುವುದು. ಇದಕ್ಕೂ ತಾಳ್ಮೆ ಬೇಕು. ಒಂದೇ ದಿನ ಮೂರು ಸಲ ಊದಿದರೂ ಸಂಖ್ಯೆ ಸ್ವಲ್ಪ ಹೆಚ್ಚುಕಡಿಮೆ ಆಗುತ್ತದೆ. ಅತ್ಯುತ್ತಮ ಎರಡು ಊದುಗಳ ನಡುವೆ 150 ಮಿಲಿಲೀಟರ್ ತನಕದ ವ್ಯತ್ಯಾಸವನ್ನು ಅಂತರರಾಷ್ಟ್ರೀಯ ನಿಯಮಗಳೇ ಒಪ್ಪುತ್ತವೆ. ವರ್ಷದ ಇಳಿತ ಬರೀ 60 ಮಿಲಿಲೀಟರ್. ಹಾಗಾಗಿ ಹೋದ ವರ್ಷ, ಈ ವರ್ಷ ಎರಡೇ ರಿಪೋರ್ಟ್ ನೋಡಿ ಹೆದರುವುದೂ ತಪ್ಪು, ಸಮಾಧಾನಪಡುವುದೂ ತಪ್ಪು. ಐದಾರು ವರ್ಷದ ಸಾಲು ಬೇಕು. ಊದಿಸುವವರು ಚೆನ್ನಾಗಿ ತರಬೇತಿ ಪಡೆದಿರಬೇಕು. ‘ಊದಿ, ಊದಿ, ಇನ್ನೂ ಊದಿ’ ಎಂದು ಕೂಗುವ ಟೆಕ್ನಿಷಿಯನ್ ಮೇಲೆ ಸಿಟ್ಟಾಗಬೇಡಿ. ಅವರ ಆ ಕೂಗಿನ ಮೇಲೇ ರಿಪೋರ್ಟಿನ ಗುಣಮಟ್ಟ ನಿಂತಿದೆ.

ಶೇಕಡಾವಾರಿಗಿಂತ ಲೀಟರ್ ನೋಡಿ ಎನ್ನಲು ನಮ್ಮಲ್ಲಿ ಇನ್ನೊಂದು ಕಾರಣ ಇದೆ. ‘ಇಷ್ಟಿರಬೇಕು’ ಎಂಬ ಅಂದಾಜನ್ನು ಮಷೀನು ಯಾವ ದೇಶದ ಜನರ ಲೆಕ್ಕದಿಂದ ತೆಗೆದುಕೊಳ್ಳುತ್ತದೆ ಎಂಬುದು ಅದರ ಸೆಟ್ಟಿಂಗ್ ಮೇಲಿದೆ. 2012ರಲ್ಲಿ ಬಂದ ಜಾಗತಿಕ ಸೂತ್ರಗಳಲ್ಲಿ ಭಾರತೀಯರಿಗೆ ಪ್ರತ್ಯೇಕ ಗುಂಪೇ ಇರಲಿಲ್ಲ. ಯುರೋಪಿನವರ ಸೂತ್ರ ಹಾಕಿದರೆ ನಮ್ಮವರ ಶ್ವಾಸಕೋಶ ಸಣ್ಣದಾಗಿ ಕಾಣುತ್ತದೆ. 2022ರಲ್ಲಿ ಜನಾಂಗ ನೋಡದ ಒಂದೇ ಸೂತ್ರ ಬಂದಿದೆ, ಅದರ ಬಗ್ಗೆಯೂ ಚರ್ಚೆ ನಡೆದಿದೆ. ಆಸ್ಪತ್ರೆ ಬದಲಾದರೆ, ಸಾಫ್ಟ್‌ವೇರ್ ಬದಲಾದರೆ ಶೇಕಡಾವಾರು ಬದಲಾಗಬಹುದು. ಒಳ್ಳೆಯ ಮಷೀನಿನಲ್ಲಿ ಸರಿಯಾಗಿ ಊದಿದ ಲೀಟರ್ ಹಾಗೆ ಬದಲಾಗುವುದಿಲ್ಲ.

ಆದರೆ ಪತ್ತೆ ಹಚ್ಚಿ ಮಾಡುವುದೇನು? ಇಲ್ಲಿ ವೈದ್ಯಲೋಕದಲ್ಲೇ ಭಿನ್ನಾಭಿಪ್ರಾಯ ಇದೆ. ಲಕ್ಷಣ ಇಲ್ಲದವರಿಗೆ ಸಿಒಪಿಡಿ ತಪಾಸಣೆ ಬೇಡ ಎಂದು ಅಮೆರಿಕದ ಪ್ರಿವೆಂಟಿವ್ ಸರ್ವಿಸಸ್ ಟಾಸ್ಕ್ ಫೋರ್ಸ್ ಎಂಬ ತಜ್ಞರ ಸಮಿತಿ 2016ರಲ್ಲಿ ಹೇಳಿತು, 2022ರಲ್ಲಿ ಅದನ್ನೇ ಮತ್ತೆ ಹೇಳಿತು. ಬೇಗ ಪತ್ತೆಯಾದರೆ ಬದುಕಿನ ಗುಣಮಟ್ಟವೋ ಆಯಸ್ಸೋ ಹೆಚ್ಚುತ್ತದೆ ಎಂಬುದಕ್ಕೆ ಪುರಾವೆ ಸಾಲದು ಎಂಬುದು ಅವರ ವಾದ. ವಾದಕ್ಕೆ ತಳಹದಿ ಇದೆ. ಅಮೆರಿಕ ಮತ್ತು ಕೆನಡಾದ 5887 ಸೇದುವವರ ಮೇಲೆ ನಡೆದ ಲಂಗ್ ಹೆಲ್ತ್ ಸ್ಟಡಿಯ ಫಲಿತಾಂಶ 1994ರಲ್ಲಿ ಬಂತು. ಇವರೆಲ್ಲ ಕಾಯಿಲೆಯ ಆರಂಭದ ಹಂತಗಳಲ್ಲಿದ್ದವರು. ಪಂಪಿನ ಔಷಧ ಇವರ ಇಳಿತದ ವೇಗವನ್ನು ತಗ್ಗಿಸಲಿಲ್ಲ. ತಗ್ಗಿಸಿದ್ದು ಸೇದುವುದನ್ನು ಬಿಟ್ಟದ್ದು ಮಾತ್ರ. 11 ವರ್ಷದ ನಂತರ ನೋಡಿದಾಗ, ಬಿಟ್ಟ ಗಂಡಸರಲ್ಲಿ ವರ್ಷಕ್ಕೆ ಸುಮಾರು 30 ಮಿಲಿಲೀಟರ್, ಬಿಡದವರಲ್ಲಿ ಸುಮಾರು 66 ಮಿಲಿಲೀಟರ್ ಇಳಿದಿತ್ತು. ಬಿಡಿ ಎಂದು ಹೇಳಲು ಪರೀಕ್ಷೆ ಯಾಕೆ ಬೇಕು ಎಂದು ಕೇಳುವವರು ಇದನ್ನೇ ಮುಂದಿಡುತ್ತಾರೆ.

ಅವರಿಗೆ ಉತ್ತರವಾಗಿ ಇಂಗ್ಲೆಂಡಿನ ಹರ್ಟ್‌ಫರ್ಡ್‌ಷೈರಿನ ಒಂದು ಪ್ರಯೋಗ ಇದೆ. 2008ರಲ್ಲಿ ಪ್ರಕಟವಾದದ್ದು. 35 ದಾಟಿದ 561 ಸೇದುವವರಿಗೆ ಸ್ಪೈರೋಮೆಟ್ರಿ ಮಾಡಿದರು. ಅರ್ಧ ಜನರಿಗೆ ಎಫ್‌ಇವಿ1 ಸಂಖ್ಯೆಯನ್ನು ಹಾಗೇ ಕೊಟ್ಟರು. ಉಳಿದವರಿಗೆ ‘ನಿಮ್ಮ ಶ್ವಾಸಕೋಶಕ್ಕೆ ಇಷ್ಟು ವಯಸ್ಸಾಗಿದೆ’ ಎಂದು ಚಿತ್ರ ತೋರಿಸಿ ಹೇಳಿದರು. 50 ವರ್ಷದವನ ಉಸಿರು 65ರ ಆರೋಗ್ಯವಂತನ ಮಟ್ಟದಲ್ಲಿದ್ದರೆ ಶ್ವಾಸಕೋಶದ ವಯಸ್ಸು 65. ವರ್ಷದ ನಂತರ ಮೊದಲ ಗುಂಪಿನಲ್ಲಿ ಶೇ 6.4, ಎರಡನೆಯದರಲ್ಲಿ ಶೇ 13.6 ಜನ ಬಿಟ್ಟಿದ್ದರು. ಅದಕ್ಕಿಂತ ಗಮನಿಸಬೇಕಾದದ್ದು, ಶ್ವಾಸಕೋಶದ ವಯಸ್ಸು ಸರಿಯಾಗಿಯೇ ಇದೆ ಎಂದು ತಿಳಿದವರೂ ಅಷ್ಟೇ ಪ್ರಮಾಣದಲ್ಲಿ ಬಿಟ್ಟಿದ್ದರು. ಅಂದರೆ ‘ನಾರ್ಮಲ್’ ಎಂಬ ಸುದ್ದಿ ಧೈರ್ಯವಾಗಿ ಸೇದಲು ಪರವಾನಗಿ ಆಗಲೇಬೇಕೆಂದಿಲ್ಲ. ಕೂತು ವಿವರಿಸಿದರೆ, ಉಳಿಸಿಕೊಳ್ಳಲು ಇನ್ನೂ ಬಹಳಷ್ಟಿದೆ ಎಂಬುದೂ ಜನರಿಗೆ ತಟ್ಟುತ್ತದೆ. ಬರೀ ಕಾಗದ ಕೈಗೆ ಕೊಟ್ಟು ಕಳುಹಿಸುವ ಚೆಕಪ್ ಪ್ಯಾಕೇಜುಗಳ ಮೇಲೆ ನನಗಿರುವ ಆಕ್ಷೇಪ ಇದೇ.

ಇನ್ನು ‘ಲಕ್ಷಣ ಇಲ್ಲದವರು’ ಎಂಬ ಮಾತು ನಮ್ಮಲ್ಲಿ ಎಷ್ಟು ಜನರಿಗೆ ಹೊಂದುತ್ತದೆ? ಬೆಳಿಗ್ಗೆ ಎದ್ದ ಕೂಡಲೇ ಕೆಮ್ಮಿ ಕಫ ಉಗುಳುವುದನ್ನು ಇಲ್ಲಿ ಲಕ್ಷಣ ಎಂದೇ ಯಾರೂ ಎಣಿಸುವುದಿಲ್ಲ. ಬೀಡಿ ಸೇದುತ್ತಾನೆ, ಕೆಮ್ಮುತ್ತಾನೆ, ಅಷ್ಟೇ. ಮೆಟ್ಟಿಲು ಹತ್ತುವಾಗ ನಿಂತು ನಿಂತು ಹೋಗುವುದನ್ನು ವಯಸ್ಸಿನ ಖಾತೆಗೆ ಹಾಕುತ್ತಾರೆ. ಇಂಥವರಿಗೆ ಸ್ಪೈರೋಮೆಟ್ರಿ ಬೇಕೇ ಬೇಕು ಎನ್ನುವುದರಲ್ಲಿ ಯಾವ ಮಾರ್ಗಸೂಚಿಗೂ ಭಿನ್ನಾಭಿಪ್ರಾಯ ಇಲ್ಲ. ಆದರೂ ಸ್ಟೆತಸ್ಕೋಪ್ ಇಟ್ಟು, ಎಕ್ಸ್‌ರೇ ತೆಗೆಸಿ, ಕೆಮ್ಮಿನ ಔಷಧ ಬರೆದು ಕಳುಹಿಸುವುದೇ ಹೆಚ್ಚು. ಆರಂಭದ ಹಾನಿ ಎಕ್ಸ್‌ರೇಯಲ್ಲಿ ಕಾಣುವುದಿಲ್ಲ. ಕ್ಯಾಂಪುಗಳಲ್ಲಿ ಊದಿಸುವ, ಊದಿನ ಗರಿಷ್ಠ ವೇಗ ಮಾತ್ರ ತೋರಿಸುವ ಪೀಕ್ ಫ್ಲೋ ಮೀಟರ್ ಕೂಡ ಸ್ಪೈರೋಮೆಟ್ರಿ ಅಲ್ಲ. ಆಸ್ತಮಾ ಇರುವವರು ಮನೆಯಲ್ಲಿ ನೋಡಿಕೊಳ್ಳಲು ಅದು ಒಳ್ಳೆಯದು, ಸೇದುವವರ ಎಳೆಯ ಹಾನಿ ಹಿಡಿಯಲು ಸಾಲದು.

ಭಾರತದಲ್ಲಿ ಸಿಒಪಿಡಿ ಇರುವವರ ಸಂಖ್ಯೆ 1990ರಲ್ಲಿ 2.81 ಕೋಟಿ ಇತ್ತು, 2016ರಲ್ಲಿ 5.53 ಕೋಟಿ ಆಯಿತು ಎಂದು ಜಾಗತಿಕ ಕಾಯಿಲೆ ಹೊರೆ ಅಧ್ಯಯನದ ಅಂದಾಜು. 2016–17ರ ರಾಷ್ಟ್ರೀಯ ತಂಬಾಕು ಸಮೀಕ್ಷೆಯ ಪ್ರಕಾರ ವಯಸ್ಕರಲ್ಲಿ ಬೀಡಿ ಸೇದುವವರು ಶೇ 7.7, ಸಿಗರೇಟು ಸೇದುವವರು ಶೇ 4. ನಮ್ಮ ಕರಾವಳಿಯಲ್ಲಿ ಎಷ್ಟೋ ಮನೆಗಳ ಸಂಸಾರ ಬೀಡಿ ಕಟ್ಟಿದ ದುಡ್ಡಿನಲ್ಲಿ ನಡೆದಿದೆ, ಹಾಗಾಗಿ ಬೀಡಿಯ ಬಗ್ಗೆ ಒಂದು ಸಲುಗೆಯೂ ಇದೆ. ಬೀಡಿಯಲ್ಲಿ ಹೊಗೆಸೊಪ್ಪು ಕಡಿಮೆ ಇರುವುದು ನಿಜ. ಆದರೆ ಆರಿಹೋಗದಂತೆ ಮತ್ತೆ ಮತ್ತೆ, ಜೋರಾಗಿ ಎಳೆಯಬೇಕು. ಟಾರ್ ಮತ್ತು ಕಾರ್ಬನ್ ಮೊನಾಕ್ಸೈಡ್ ಸಿಗರೇಟಿಗೆ ಸಮನಾಗಿ, ಕೆಲವೊಮ್ಮೆ ಜಾಸ್ತಿಯೇ ಒಳಗೆ ಹೋಗುತ್ತದೆ. ಸೌದೆ ಒಲೆಯ ಮುಂದೆ ಜೀವನ ಕಳೆದ ಹೆಂಗಸರ ಶ್ವಾಸಕೋಶಕ್ಕೂ ಇದೇ ಹಾನಿ ಆಗುತ್ತದೆ. ಬೀಡಿ ಮುಟ್ಟಿಲ್ಲ ಎಂಬ ಕಾರಣಕ್ಕೆ ಅವರಿಗೆ ಪರೀಕ್ಷೆಯ ಯೋಚನೆಯೇ ಬರುವುದಿಲ್ಲ. ಮೈಸೂರಿನ ಜೆಎಸ್‌ಎಸ್ ವೈದ್ಯಕೀಯ ಕಾಲೇಜಿನವರು ಸುತ್ತಲಿನ ಹಳ್ಳಿಗಳ ವಯಸ್ಕರಲ್ಲಿ ಇದನ್ನೆಲ್ಲ ಅಧ್ಯಯನ ಮಾಡುತ್ತಾ ಬಂದಿದ್ದಾರೆ.

ವ್ಯವಸ್ಥೆಯಲ್ಲಿ ಅರ್ಧ ಕೆಲಸ ಆಗಲೇ ನಡೆದಿದೆ ಎಂಬುದು ಬಹಳ ಜನರಿಗೆ ಗೊತ್ತಿಲ್ಲ. 30 ದಾಟಿದವರ ಮನೆಗೆ ಹೋಗಿ ಕಾಯಿಲೆಯ ಅಪಾಯ ಯಾರಿಗಿದೆ ಎಂದು ತಿಳಿಯಲು ಆಶಾ ಕಾರ್ಯಕರ್ತೆಯರು ತುಂಬುವ ಸಿಬಿಎಸಿ ಫಾರಂನಲ್ಲಿ ತಂಬಾಕಿನ ಪ್ರಶ್ನೆ ಇದೆ. ಏದುಸಿರು ಇದೆಯೇ, ಅಡುಗೆಗೆ ಯಾವ ಉರುವಲು, ಕೆಲಸದ ಜಾಗದಲ್ಲಿ ಹೊಗೆ ಇದೆಯೇ ಎಂಬುದೂ ಇದೆ. ಯಾರಿಗೆ ಪರೀಕ್ಷೆ ಬೇಕು ಎಂಬ ಪಟ್ಟಿ ಹಾಗೆ ಸಿದ್ಧವಾಗುತ್ತದೆ. ಆದರೆ ಪಟ್ಟಿಯಲ್ಲಿರುವವರು ಊದಲು ಎಲ್ಲಿಗೆ ಹೋಗಬೇಕು? ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಸ್ಪೈರೋಮೀಟರ್ ಸಾಮಾನ್ಯವಾಗಿ ಇರುವುದಿಲ್ಲ. ಕೈಯಲ್ಲಿ ಹಿಡಿಯುವಷ್ಟು ಚಿಕ್ಕ ಮಷೀನುಗಳು ಈಗ ಬಂದಿವೆ. ತಾಲೂಕು ಆಸ್ಪತ್ರೆಗೆ ಒಂದು, ಅದನ್ನು ಸರಿಯಾಗಿ ಊದಿಸಲು ಕಲಿತ ಒಬ್ಬರು, ಹಳೆಯ ಅಳತೆಯನ್ನು ಕಂಪ್ಯೂಟರಿನಲ್ಲಿ ಉಳಿಸಿಡುವ ವ್ಯವಸ್ಥೆ. ಆಸಿಲೋಮೆಟ್ರಿಗೆ ದುಡ್ಡು ಕೇಳುವ ಮೊದಲು ಸರ್ಕಾರದಿಂದ ಕೇಳಬೇಕಾದದ್ದು ಇದು.

ಸೇದುವವರು, ಅದರಲ್ಲೂ 35 ದಾಟಿದವರು ಅಥವಾ ಕೆಮ್ಮು ಕಫ ಇರುವವರು, ಸ್ಪೈರೋಮೆಟ್ರಿಗೆ ಹೋಗುವ ದಿನ ಕನಿಷ್ಠ ಒಂದು ಗಂಟೆ ಮೊದಲಿನಿಂದ ಸೇದಬಾರದು. ಬಿಗಿ ಬಟ್ಟೆ ಬೇಡ. ಇತ್ತೀಚೆಗೆ ಹೃದಯಾಘಾತ ಆಗಿದ್ದರೆ, ಕಣ್ಣಿನ ಆಪರೇಷನ್ ಆಗಿದ್ದರೆ ಮೊದಲೇ ಹೇಳಿ. ಪಂಪಿನ ಔಷಧ ಕೊಟ್ಟ ನಂತರದ ಅಳತೆಯನ್ನೂ ಕೇಳಿ. ರಿಪೋರ್ಟಿನಲ್ಲಿ ಎಫ್‌ಇವಿ1 ಎಷ್ಟು ಲೀಟರ್ ಇದೆ ಎಂದು ದಿನಾಂಕದ ಜೊತೆ ಬರೆದಿಟ್ಟುಕೊಳ್ಳಿ, ಸಾಧ್ಯವಾದರೆ ಮುಂದಿನ ಸಲವೂ ಅದೇ ಜಾಗದಲ್ಲಿ ಮಾಡಿಸಿ. ಸಂಖ್ಯೆ ಚೆನ್ನಾಗಿದ್ದೂ ಏದುಸಿರು ಬರುತ್ತಿದ್ದರೆ ಡಿಎಲ್‌ಸಿಒ ಬೇಕೇ ಎಂದು ವೈದ್ಯರನ್ನು ಕೇಳಿ. ಈ ಯಾವ ಪರೀಕ್ಷೆಯೂ ಶ್ವಾಸಕೋಶದ ಕ್ಯಾನ್ಸರ್ ಇಲ್ಲ ಎಂದು ಹೇಳುವುದಿಲ್ಲ. ಕಫದಲ್ಲಿ ರಕ್ತ ಕಂಡರೆ, ತೂಕ ಸುಮ್ಮಸುಮ್ಮನೆ ಇಳಿದರೆ ಅದು ಬೇರೆಯೇ ತನಿಖೆ. ಬಿಡಲು ನೆರವು ಬೇಕಾದರೆ ಸಿಗರೇಟು ಪ್ಯಾಕಿನ ಮೇಲೇ ಅಚ್ಚಾಗಿರುವ 1800-11-2356 ಉಚಿತ ನಂಬರಿಗೆ ಫೋನ್ ಮಾಡಬಹುದು. ಆ ಸಹಾಯವಾಣಿಯ ಕೇಂದ್ರಗಳಲ್ಲಿ ಒಂದು ಬೆಂಗಳೂರಿನ ನಿಮ್ಹಾನ್ಸ್‌ನಲ್ಲೇ ಇದೆ.